ಮೇಣಿಯ ಹದ, ಯಂತ್ರದ ತೋಳು

ಒಕ್ಕಲುತನದ ನುಡಿಗಳಲ್ಲಿ ‘ಹದ’ವೆಂಬುದು ನನಗೆ ಬಹು ಪ್ರಿಯವಾದ ಶಬ್ದ. ಮಣ್ಣಿಗೆ ಹದವುಂಟು, ಬೆಲ್ಲದ ಪಾಕಕ್ಕೆ ಹದವುಂಟು, ಮಾತಿಗೂ ಹದವುಂಟು. ಮೂವತ್ತು ವರ್ಷಗಳಿಂದ ವ್ಯಾಕರಣ ಛಂದಸ್ಸುಗಳನ್ನು ಬೋಧಿಸುತ್ತಿರುವ ನಾನು, ಈ ಹದದ ವಿಷಯವಾಗಿ ಹಳೆಯ ಟ್ರಾಕ್ಟರೊಂದರಿಂದ ತಿಳಿದುಕೊಂಡುದನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಬನವಾಸಿಗೆ ಸಮೀಪದ ಗುಡ್ನಾಪುರವು ವಿದ್ವಾಂಸರಿಗೆ ಕದಂಬ ರವಿವರ್ಮನ ಸ್ತಂಭಶಾಸನದಿಂದ ಪರಿಚಿತ; ಒಕ್ಕಲುಮಕ್ಕಳಿಗೆ ಅಲ್ಲಿನ ವಿಶಾಲವಾದ ಕೆರೆಯಿಂದ ಪರಿಚಿತ. ಅಲ್ಲಿ ನಮಗೊಂದಿಷ್ಟು ಗದ್ದೆಯಿದೆ. ಸಾಗುವಳಿ ನನ್ನ ತಮ್ಮನದು. ಗದ್ದೆಯ ಮೇಲ್ಮಣ್ಣು ಒಂದು ಗೇಣು ಮಾತ್ರ. ಅದರಡಿಯಲ್ಲಿ ತಲೆಮಾರುಗಳ ಕೆಸರುಳುಮೆಯಿಂದ ನೆಲೆಗೊಂಡ ಗಟ್ಟಿಪದರವೇ ನೀರನ್ನು ಹಿಡಿದು ನಿಲ್ಲಿಸುವುದು. ಕೆಲವು ವರ್ಷಗಳ ಹಿಂದೆ ಬಾಡಿಗೆಯ ಟ್ರಾಕ್ಟರೊಂದು ಆ ಪದರವನ್ನು ಸೀಳಿತು. ಕಟ್ಟಿದ ನೀರು ನಿಲ್ಲದೆ, ಭತ್ತ ತೆನೆಗಟ್ಟುವ ಹೊತ್ತಿಗೆ ನೆಲ ಬಿರಿಯಿತು. ನಾಲ್ಕು ಬೆರಳಿನ ಅಂತರವು ಒಂದು ಸಂಸಾರದ ಅನ್ನದ ಪ್ರಶ್ನೆಯಾಗಬಲ್ಲುದೆಂಬುದನ್ನು ಅಂದು ಕಂಡೆ.

ನಮ್ಮ ತಂದೆಯವರ ಕಾಲದಲ್ಲಿ ಈ ಆಳವನ್ನು ಕಾಯುತ್ತಿದ್ದುದು ಉಳುವವನ ಅಂಗೈ. ಮಿಣಿ ಬಿಚ್ಚಿ ನೊಗವನ್ನು ಈಸಿನ ಮೇಲೆ ಸರಿಸಿ ಕಟ್ಟಿದರೆ ನೇಗಿಲಿನ ಓರೆ ಬದಲಾಗುತ್ತಿತ್ತು. ಉಳಿದುದನ್ನು ಮೇಣಿಯ ಮೇಲಿನ ಒತ್ತು ನೋಡಿಕೊಳ್ಳುತ್ತಿತ್ತು.

ಈ ಅಂಗೈಯ ಕೆಲಸವನ್ನು ಯಂತ್ರಕ್ಕೆ ಕಲಿಸಿದವನು ಐರ್ಲೆಂಡಿನ ಹ್ಯಾರಿ ಫರ್ಗುಸನ್. 1920ರ ದಶಕದಲ್ಲಿ ಅವನು ರೂಪಿಸತೊಡಗಿದ ವ್ಯವಸ್ಥೆಯಲ್ಲಿ ನೇಗಿಲನ್ನು ಎಣ್ಣೆಯ ಒತ್ತಡವು ಎತ್ತುತ್ತದೆ. ಮಣ್ಣಿನ ತಡೆ ಹೆಚ್ಚಿದರೆ ಮೇಲಿನ ತೋಳು ಮುಂದಕ್ಕೊತ್ತಿ ಸ್ಪ್ರಿಂಗನ್ನು ಅದುಮುತ್ತದೆ. ಆಗ ಕವಾಟ ಚಲಿಸಿ ನೇಗಿಲು ತುಸು ಮೇಲೇಳುತ್ತದೆ. 1946ರಿಂದ 1956ರವರೆಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾದ ಅವನ ಟಿ.ಇ. 20 ಟ್ರಾಕ್ಟರಿಗೆ ಇದ್ದುದು ಈ ಒಂದೇ ಉಪಾಯ. ಬೇಕಾದ ಎತ್ತರದಲ್ಲಿ ಉಪಕರಣವನ್ನು ತೂಗಿ ನಿಲ್ಲಿಸಲು ರೈತರು ಸರಪಳಿ ಬಿಗಿಯುತ್ತಿದ್ದರು. 1956ರಲ್ಲಿ ಅಲ್ಲಿ ಹೊರಬಂದ ಫರ್ಗುಸನ್ 35ರಲ್ಲಿ, ಲಿವರ್ ಇರಿಸಿದಷ್ಟೇ ಎತ್ತರದಲ್ಲಿ ತೋಳುಗಳನ್ನು ನಿಲ್ಲಿಸುವ ಎರಡನೆಯ ಉಪಾಯವೂ ಸೇರಿತು.

ನನ್ನ ತಮ್ಮನ ಬಳಿ ಇರುವುದು ಅದೇ ವಂಶದ, ಮದರಾಸಿನ ಹಳೆಯ ಮ್ಯಾಸಿ ಫರ್ಗುಸನ್ 1035. ಅದರ ಎರಡು ಲಿವರುಗಳ ಭೇದವನ್ನು ಅರಿಯುವುದೇ ನಮ್ಮ ಗದ್ದೆಗೆ ರಕ್ಷೆ. ತಡೆಯನ್ನು ನೋಡಿ ನಡೆಯುವ ಲಿವರ್ ಒಣ ಹೊಲಕ್ಕೆ ಉತ್ತಮ. ಮೆತ್ತನೆಯ ಗದ್ದೆಯಲ್ಲಾದರೋ ತಡೆಯೇ ಅಲ್ಪ. ನೇಗಿಲು ತಡೆಯನ್ನು ಅರಸುತ್ತ ಇಳಿಯುತ್ತ ಹೋಗಿ ಗಟ್ಟಿಪದರಕ್ಕೇ ತಾಗುತ್ತದೆ. ಅಲ್ಲಿ ಎತ್ತರವನ್ನು ನಿಲ್ಲಿಸುವ ಲಿವರನ್ನೇ ಆಶ್ರಯಿಸಬೇಕು.

ಯಂತ್ರಕ್ಕೂ ಮುಪ್ಪುಂಟು. ಸಿಲಿಂಡರಿನೊಳಗಿನ ಸೀಲು ಸವೆದರೆ ಎಣ್ಣೆ ಸೋರಿ ಎತ್ತಿದ ಭಾರ ಮೆಲ್ಲನೆ ಇಳಿಯುತ್ತದೆ. ಪಂಪು ಮರಳಿ ಎತ್ತುತ್ತದೆ. ಹೀಗೆ ತೋಳುಗಳು ತೂಕಡಿಸುವವರಂತೆ ತಲೆದೂಗುತ್ತಿದ್ದರೆ ದುರಸ್ತಿಯ ಕಾಲ ಬಂದಿತೆಂದೇ ತಿಳಿಯತಕ್ಕದ್ದು. ಎತ್ತಿ ನಿಲ್ಲಿಸಿದ ಉಪಕರಣದ ಕೆಳಗೆ ಎಂದಿಗೂ ಕೈಯಿಡಬಾರದು. ಕೆಲಸ ಮುಗಿದೊಡನೆ ನೆಲಕ್ಕಿಳಿಸಬೇಕು.

ಈ ಶಾಲೆಯ ಬಹುಮಂದಿ ಮಕ್ಕಳು ಒಕ್ಕಲು ಮನೆಗಳಿಂದ ಬಂದವರು. ನಾಳೆ ಟ್ರಾಕ್ಟರು ಹತ್ತುವವರು. ಅವರಲ್ಲಿ ನನ್ನ ಬಿನ್ನಹವಿಷ್ಟೆ: ಗದ್ದೆಗಿಳಿದೊಡನೆ ಬದುವಿನ ಪಕ್ಕದಲ್ಲಿ ನಾಲ್ಕು ಮಾರು ಉತ್ತು, ಇಳಿದು, ಸಾಲಿಗೆ ಗೇಣಿಟ್ಟು ಅಳೆಯಿರಿ. ಆಳ ಸರಿಯೆನಿಸಿದ ಮೇಲೆ ಲಿವರಿನ ತಡೆತಿರುಪನ್ನು ಅಲ್ಲಿಗೇ ಬಿಗಿಯಿರಿ. ಪ್ರತಿ ತಿರುವಿನಲ್ಲಿ ಎತ್ತಿದ ನೇಗಿಲು ಮತ್ತೆ ಅಷ್ಟೇ ಆಳಕ್ಕೆ ಇಳಿಯುವುದು. ತಮ್ಮನು ಈಗ ಹೀಗೆಯೇ ಉಳುತ್ತಾನೆ. ಸೀಳಿದ ಮಡಿಯಲ್ಲಿ ನೀರು ಮೆಲ್ಲಮೆಲ್ಲನೆ ನಿಲ್ಲತೊಡಗಿದೆ.