ಒಂದು ಸಭೆಯ ಧ್ಯೇಯವಾಕ್ಯ

ಪಾಸ್ಟೊರೇಟ್ ಕಮಿಟಿಯಲ್ಲಿ ಯಾರಾದರೂ ‘ನಮ್ಮ ಸಭೆಗೂ ಒಂದು ವಿಷನ್ ಸ್ಟೇಟ್‌ಮೆಂಟ್ ಬೇಕು’ ಎಂದರೆ ಮೊದಲು ಏಳುವ ತಕರಾರು ಪದದ್ದು. ‘ದರ್ಶನ ಹೇಳಿಕೆ’ ಎಂದರೆ ಪೊಲೀಸ್ ಠಾಣೆಯ ವಾಸನೆ. ಬರೀ ‘ದರ್ಶನ’ ಎಂದರೆ ದೇವಸ್ಥಾನದ ಸಾಲು ನೆನಪಾಗುತ್ತದೆ, ಬೆಂಗಳೂರಿನವರಿಗೆ ಇಡ್ಲಿ-ವಡೆಯೂ. ಕೊನೆಗೆ ‘ಧ್ಯೇಯವಾಕ್ಯ’ಕ್ಕೆ ಎಲ್ಲರೂ ಒಪ್ಪುತ್ತಾರೆ.

ಅಲ್ಲಿ ತಪ್ಪದೆ ಉದ್ಧರಿಸುವ ವಚನವೂ ಒಂದಿದೆ, ಜ್ಞಾನೋಕ್ತಿಗಳು 29ರ 18. ದರ್ಶನವಿಲ್ಲದ ಕಡೆ ಜನ ನಾಶವಾಗುತ್ತಾರೆ ಎಂಬ ಅರ್ಥದಲ್ಲಿ ಅದನ್ನು ಬಳಸುತ್ತಾರೆ. ಹೀಬ್ರೂವಿನ ‘ಖಾಜೋನ್’ ಐದು ವರ್ಷದ ಯೋಜನೆಯಲ್ಲ, ಪ್ರವಾದಿಗೆ ಕಾಣಿಸಿದ್ದು. ಹಳೆಯ ಇಂಗ್ಲಿಷ್ ಅನುವಾದ ‘ನಾಶ’ ಎಂದ ಕಡೆ ಮೂಲದಲ್ಲಿರುವುದು ಕಡಿವಾಣ ಕಳಚಿಕೊಳ್ಳುವ ಕ್ರಿಯಾಪದ. ಚಿನ್ನದ ಕರುವಿನ ಮುಂದೆ ಜನ ಅಂಕೆ ತಪ್ಪಿದ್ದನ್ನು ಹೇಳುವಾಗಲೂ ಅದೇ ಪದ ಬರುತ್ತದೆ. ಹಾಗಾದರೆ ದರ್ಶನವೆಂದರೆ ಸಭೆಯ ಆಸೆಗಳ ಪಟ್ಟಿಯಲ್ಲ, ಸಭೆಯನ್ನೇ ಹಿಡಿದು ನಿಲ್ಲಿಸುವ ಮಾತು.

ಬಹುಪಾಲು ಧ್ಯೇಯವಾಕ್ಯಗಳು ಯಾರನ್ನೂ ಹಿಡಿದು ನಿಲ್ಲಿಸುವುದಿಲ್ಲ. ‘ಪ್ರೀತಿ, ವಿಶ್ವಾಸ, ಉತ್ತಮ ಸೇವೆ’ ಎಂಬುದರ ಕೆಳಗೆ ಸಹಕಾರಿ ಬ್ಯಾಂಕಿನ ಹೆಸರು ಹಾಕಿದರೂ ನಡೆಯುತ್ತದೆ. ಅದರ ಪಕ್ಕ ಒಂದು ಊರನ್ನು ಇಟ್ಟು ನೋಡಬೇಕು. ನಾಸಿಕ ಜಿಲ್ಲೆಯ ಚಾಂದವಡ್ ಎಂದಿಟ್ಟುಕೊಳ್ಳಿ. ಮುಂಬಯಿ-ಆಗ್ರಾ ಹೆದ್ದಾರಿಯ ಊರು, ಅಹಲ್ಯಾಬಾಯಿ ಹೋಳ್ಕರರ ರಂಗಮಹಲ್, ಈರುಳ್ಳಿ ಮಾರುಕಟ್ಟೆ, ನಮ್ಮ ಸವದತ್ತಿಯವರಿಗೆ ಗುರುತು ಸಿಗುವ ರೇಣುಕೆಯ ಗುಡಿ. ಅಂಥ ಊರಿನಲ್ಲಿ ಆ ವಾಕ್ಯ ಯಾರಿಗೆ ಏನು ಹೇಳುತ್ತದೆ? ಯೇಸುವನ್ನು ಮೆಚ್ಚಿಯೂ ದೀಕ್ಷಾಸ್ನಾನಕ್ಕೆ ಮುಂದೆ ಬರಲಾರದವರು ಒಳಗಿನವರೋ, ಹೊರಗಿನವರೋ?

ಈ ಪ್ರಶ್ನೆ ನಾಸಿಕದ ನಂಟಿರುವ ಸಂಸಾರವೊಂದನ್ನು ನೂರು ವರ್ಷಗಳ ಹಿಂದೆಯೇ ಕಾಡಿತ್ತು. ನಾಸಿಕದ ಬಳಿಯ ಜಲಾಲಪುರದ ಹುಡುಗಿ ಲಕ್ಷ್ಮೀಬಾಯಿಯನ್ನು ಮದುವೆಯಾದ ಕೊಂಕಣದ ಚಿತ್ಪಾವನ ಬ್ರಾಹ್ಮಣ, ಕವಿ ನಾರಾಯಣ ವಾಮನ ತಿಲಕರು 1895ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ದೀಕ್ಷಾಸ್ನಾನ ಪಡೆದರು. ಲಕ್ಷ್ಮೀಬಾಯಿಯವರಿಗೆ ಅದು ಸಿಡಿಲು. ವರ್ಷಗಟ್ಟಲೆ ಗಂಡನಿಂದ ದೂರವಿದ್ದರು, ಮತ್ತೆ ಜೊತೆಗೆ ಬಂದರೂ ಮಡಿ-ಮೈಲಿಗೆ ಬಿಡಲಿಲ್ಲ. ಒಂದು ದಿನ ಜಾತಿ ದೇವರು ಮಾಡಿದ್ದಲ್ಲ ಎಂದು ತಾವೇ ಯೋಚಿಸಿ ತೀರ್ಮಾನಿಸಿ, 1900ರಲ್ಲಿ ದೀಕ್ಷೆ ಪಡೆದರು. ನಡುವಿನ ಆ ಐದು ವರ್ಷ ಅವರು ಯಾವ ಸಭೆಯವರು? ಮರಾಠಿಯ ಶ್ರೇಷ್ಠ ಆತ್ಮಕಥೆಗಳಲ್ಲಿ ಒಂದಾದ ‘ಸ್ಮೃತಿಚಿತ್ರೇ’ಯಲ್ಲಿ ಆ ದಿನಗಳನ್ನು ಅವರು ನಗುತ್ತಲೇ ಬರೆದಿದ್ದಾರೆ. ಓದುವವರಿಗೆ ನಗು ಅಷ್ಟು ಸುಲಭವಾಗಿ ಬರುವುದಿಲ್ಲ.

ತಿಲಕರಿಗೆ ಚರ್ಚು ಪರದೇಶಿ ಅಂಗಿ ತೊಟ್ಟಿದೆ ಎಂಬ ಸಂಕಟ. ಅಭಂಗ, ಭಜನೆ, ಕೀರ್ತನೆಗಳನ್ನು ಆರಾಧನೆಯೊಳಗೆ ತಂದರು. ತುಕಾರಾಮನೇ ತನ್ನನ್ನು ಕ್ರಿಸ್ತನ ಬಳಿಗೆ ದಾಟಿಸಿದ ಸೇತುವೆ ಎನ್ನುತ್ತಿದ್ದವರು ಅವರು. 1917ರಲ್ಲಿ, ಎರಡು ದಶಕಗಳ ನಂಟಿದ್ದ ಅಮೆರಿಕನ್ ಮರಾಠಿ ಮಿಷನ್ನನ್ನು ಬಿಟ್ಟು ಸಾತಾರಾಕ್ಕೆ ಹೋದರು. ಅಲ್ಲಿ ಕಟ್ಟಹೊರಟ ಬಳಗದ ಹೆಸರು ‘ದೇವಾಚಾ ದರಬಾರ್’, ದೇವರ ದರ್ಬಾರು. ದೀಕ್ಷಾಸ್ನಾನ ಆದವರೂ ಆಗದವರೂ ಕ್ರಿಸ್ತನ ಶಿಷ್ಯರಾಗಿ ಕೂಡುವ ಜಾಗ.

ಧ್ಯೇಯವಾಕ್ಯವೆಂದರೆ ಇದು. ಯಾರು ಬರಬಹುದೆಂದು ಬಿಡಿಸಿ ಹೇಳುತ್ತದೆ, ಆದ್ದರಿಂದ ಇದನ್ನು ಒಪ್ಪದಿರಲೂ ಸಾಧ್ಯ. ದೀಕ್ಷಾಸ್ನಾನವನ್ನೇ ಹೊಸ್ತಿಲೆಂದು ನಂಬಿದವರಿಗೆ ಇದು ಹಿಡಿಸುವ ಮಾತಲ್ಲ. ಬರೆದವನ ನೆಲೆಯನ್ನೂ ಇದು ಕಿತ್ತುಕೊಂಡಿತು. ಲಕ್ಷ್ಮೀಬಾಯಿ ಮತ್ತೊಮ್ಮೆ ಗಂಟುಮೂಟೆ ಕಟ್ಟಬೇಕಾಯಿತು. ಗಂಡಂದಿರ ದರ್ಶನಕ್ಕೆ ಹೆಂಡಂದಿರು ತೆರುವ ಲೆಕ್ಕವನ್ನು ಯಾವ ಕಮಿಟಿಯೂ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳುವುದಿಲ್ಲ.

ದರ್ಬಾರು ಬಹುಕಾಲ ಉಳಿಯಲಿಲ್ಲ. 1919ರ ಮೇ ತಿಂಗಳಲ್ಲಿ ತಿಲಕರು ತೀರಿಕೊಂಡರು. ಒಬ್ಬನಿಗೆ ಕಂಡದ್ದು ಅವನ ಜೊತೆಗೇ ಹೋಗುವ ಅಪಾಯ ಇದ್ದೇ ಇದೆ. ಅದಕ್ಕೇ ಇನ್ನೊಂದು ಬಗೆಯ ವಾಕ್ಯವನ್ನೂ ನೋಡಬೇಕು. ಈಗ ನಾಸಿಕವೂ ಒಂದು ಧರ್ಮಪ್ರಾಂತವಾಗಿರುವ ಚರ್ಚ್ ಆಫ್ ನಾರ್ತ್ ಇಂಡಿಯಾದ ಲಾಂಛನದಲ್ಲಿ ಇರುವುದು ಮೂರೇ ಪದ: ಐಕ್ಯ, ಸಾಕ್ಷಿ, ಸೇವೆ. ಮೇಲ್ನೋಟಕ್ಕೆ ಇದೂ ಬ್ಯಾಂಕಿಗೆ ಒಪ್ಪುವಂಥದ್ದೇ. ಆದರೆ ‘ಐಕ್ಯ’ದ ಹಿಂದೆ 1929ರಲ್ಲಿ ಶುರುವಾಗಿ 1970ರ ನವೆಂಬರ್ 29ರಂದು ನಾಗಪುರದಲ್ಲಿ ಮುಗಿದ ಮಾತುಕತೆ ಇದೆ. ಬಿಷಪ್ಪರಿದ್ದ ಸಭೆ, ಬಿಷಪ್ಪರೇ ಬೇಡವೆಂದಿದ್ದ ಸಭೆ, ಕೂಸಿಗೆ ದೀಕ್ಷಾಸ್ನಾನ ಕೊಡುವವರು, ದೊಡ್ಡವರಾಗಿ ತಾವೇ ನಂಬಿದ ಮೇಲೆ ಮಾತ್ರ ಕೊಡುವವರು, ಹೀಗೆ ಆರು ಸಭೆಗಳು ಒಂದಾದವು. ದೀಕ್ಷಾಸ್ನಾನದ ವಿಷಯದಲ್ಲಿ ಎರಡು ಪದ್ಧತಿಗೂ ಜಾಗ ಬಿಟ್ಟರು. ಮೂರು ಪದಗಳ ಬೆನ್ನಿಗೆ ನಲವತ್ತೊಂದು ವರ್ಷ. ಒಂದು ಶನಿವಾರ ಮಧ್ಯಾಹ್ನ ಚಹಾ-ಬಿಸ್ಕತ್ತಿನ ನಡುವೆ ಬರೆದು ಮುಗಿಸಲು ಕೂತವರು ಇದನ್ನೊಮ್ಮೆ ನೆನೆಯಬಹುದು.

ಲಕ್ಷ್ಮೀಬಾಯಿ ಶಾಲೆ ಕಂಡವರಲ್ಲ. ಗಂಡ ಅರ್ಧಕ್ಕೆ ಬಿಟ್ಟುಹೋದ ‘ಖ್ರಿಸ್ತಾಯನ’ ಕಾವ್ಯವನ್ನು ಮುಂದುವರಿಸಿದವರು ಅವರೇ. ಅದರ ಬಹುಪಾಲು ಅಧ್ಯಾಯಗಳು ಅವರವು. 1936ರಲ್ಲಿ ನಾಸಿಕದಲ್ಲೇ ತೀರಿಕೊಂಡರು.