ಗೋವಾ ದಾಟಿ ಹೋದ ಯೂಕ್ಲಿಡ್

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ಕನ್ನಡ ಮೀಡಿಯಂನಲ್ಲಿ ಓದಿ ಸೈನ್ಸ್ ತಗೊಂಡವರಿಗೆ ಈ ಕಷ್ಟ ಗೊತ್ತಿರುತ್ತೆ. ಹತ್ತನೇ ಕ್ಲಾಸಿನ ತನಕ ‘ವಿಕರ್ಣ’ ಆಗಿದ್ದದ್ದು ಪಿಯುಸಿಯಲ್ಲಿ ರಾತ್ರೋರಾತ್ರಿ ‘ಹೈಪೊಟೆನ್ಯೂಸ್’ ಆಗಿಬಿಡುತ್ತೆ. ಲೆಕ್ಕ ಬರುತ್ತೆ, ಪದ ಬರಲ್ಲ. ನನ್ನ ಜೊತೆ ಸೇರಿದ್ದ ಗೆಳೆಯನೊಬ್ಬ ಲೆಕ್ಕದಲ್ಲಿ ನನಗಿಂತ ಚುರುಕು. ಆರು ತಿಂಗಳು ತಡಕೊಂಡ, ಆಮೇಲೆ ಆರ್ಟ್ಸಿಗೆ ಹೋದ.

ಇದೆಲ್ಲ ಮತ್ತೆ ತಲೆಗೆ ಬಂದಿದ್ದು ಜೆಸ್ವಿಟ್ ಪಾದ್ರಿಗಳ ಬಗ್ಗೆ ಓದುವಾಗ. ನೀವು ನಗಬಹುದು, ಪಾದ್ರಿಗಳಿಗೂ ಪಿಯುಸಿಗೂ ಏನು ಸಂಬಂಧ ಅಂತ. ಇದೆ, ಕೇಳಿ.

ರೋಮಿನ ಜೆಸ್ವಿಟ್ ಕಾಲೇಜಿನಲ್ಲಿ ಕ್ಲಾವಿಯಸ್ ಅಂತ ಒಬ್ಬ ಗಣಿತದ ಮೇಷ್ಟ್ರು ಇದ್ದರು. ಇವತ್ತು ನಮ್ಮ ಗೋಡೆ ಮೇಲಿರೋ ಕ್ಯಾಲೆಂಡರ್ ಇದೆಯಲ್ಲ, 1582ರ ಆ ಸುಧಾರಣೆಯ ಲೆಕ್ಕದಲ್ಲಿ ಅವರ ಕೈ ದೊಡ್ಡದು. ಆಗ ಗಣಿತದ ಮೇಷ್ಟ್ರಿಗೆ ತತ್ವಶಾಸ್ತ್ರದ ಮೇಷ್ಟ್ರಷ್ಟು ಮರ್ಯಾದೆ ಇರಲಿಲ್ಲ. ಸಭೆಗಳಲ್ಲಿ ಅವರನ್ನೂ ಸಮನಾಗಿ ಕೂರಿಸಿ, ಇಲ್ಲದಿದ್ದರೆ ಹುಡುಗರು ಆ ವಿಷಯಕ್ಕೆ ಬೆಲೆ ಕೊಡಲ್ಲ ಅಂತ ಕ್ಲಾವಿಯಸ್ ಬರೆದರು. 1599ರ ಜೆಸ್ವಿಟ್ ಪಠ್ಯಕ್ರಮದಲ್ಲಿ ದಿನಕ್ಕೆ ಸುಮಾರು ಮುಕ್ಕಾಲು ತಾಸು ಗಣಿತ, ಮುಖ್ಯವಾಗಿ ಯೂಕ್ಲಿಡ್. ಅಂದ್ರೆ ನಮ್ಮ ಒಂದು ಪೀರಿಯಡ್ಡು!

ಅವರ ಶಿಷ್ಯ ಮತ್ತೇಯೋ ರಿಚ್ಚಿ 1578ರಲ್ಲಿ ಗೋವಾಕ್ಕೆ ಬಂದ. ನಮ್ಮ ಹಾನಗಲ್ಲಿನಿಂದ ಘಟ್ಟ ಇಳಿದರೆ ಗೋವಾ, ಅಷ್ಟು ಹತ್ತಿರ. 1582ರಲ್ಲಿ ಆತ ಚೀನಾ ಕಡೆ ಹಡಗು ಹತ್ತಿದ. ಅಲ್ಲಿ ಷು ಗುವಾಂಗ್‌ಚಿ ಎಂಬ ಅಧಿಕಾರಿ ಜೊತೆಯಾದ. ರಿಚ್ಚಿ ಬಾಯಲ್ಲಿ ವಿವರಿಸೋದು, ಷು ಚೀನೀ ಭಾಷೆಯಲ್ಲಿ ಬರೆಯೋದು. ಹೀಗೆ 1607ರಲ್ಲಿ ಯೂಕ್ಲಿಡ್‌ನ ಮೊದಲ ಆರು ಭಾಗ ಚೀನೀ ಭಾಷೆಗೆ ಬಂತು. ಉಳಿದಿದ್ದನ್ನೂ ಮಾಡೋಣ ಅಂದವನು ಷು, ಸಾಕು ಅಂದವನು ರಿಚ್ಚಿ. ಉಳಿದ ಭಾಗ ಬರಲು 1857 ಆಯಿತು. ಆದರೆ ಆ ಪುಸ್ತಕದ ಹೆಸರಿನಲ್ಲಿದ್ದ ‘ಜೀಹ’ ಎಂಬ ಪದವೇ ಇವತ್ತಿಗೂ ಚೀನಾದ ಮಕ್ಕಳಿಗೆ ರೇಖಾಗಣಿತ.

ಈಗ ಗೋವಾಕ್ಕೆ ವಾಪಸ್ ಬನ್ನಿ. 1579ರಲ್ಲಿ ಅಲ್ಲಿಗೆ ಬಂದ ಥಾಮಸ್ ಸ್ಟೀಫನ್ಸ್ ಎಂಬ ಜೆಸ್ವಿಟ್ ಮರಾಠಿ ಓವಿಗಳಲ್ಲಿ ಕ್ರಿಸ್ತಪುರಾಣ ಬರೆದ, ಕೊಂಕಣಿಗೆ ವ್ಯಾಕರಣ ಬರೆದ. ಭಾಷೆ ಕಲಿಯೋ ಶ್ರದ್ಧೆಗೇನೂ ಕೊರತೆ ಇರಲಿಲ್ಲ. ಆದರೆ ಆತ ಇಲ್ಲಿನ ಭಾಷೆಯಲ್ಲಿ ಕೊಟ್ಟಿದ್ದು ಪುರಾಣ. ಯೂಕ್ಲಿಡ್ ಚೀನಾಕ್ಕೆ ಹೋದ.

ಪಾದ್ರಿಗಳನ್ನು ಬೈಯೋಕೆ ಇದನ್ನು ಹೇಳ್ತಿಲ್ಲ. ಅವರು ಬಂದಿದ್ದೇ ಧರ್ಮಪ್ರಚಾರಕ್ಕೆ. ಚೀನಾದಲ್ಲಿ ಒಬ್ಬ ಷು ‘ನನಗೆ ನನ್ನ ಭಾಷೆಯಲ್ಲಿ ಬೇಕು’ ಅಂತ ಪಟ್ಟು ಹಿಡಿದು ಕೂತ, ಅದೇ ವ್ಯತ್ಯಾಸ ಅಂತ ನನಗನ್ನಿಸುತ್ತೆ. ಉತ್ತರದಲ್ಲಿ 18ನೇ ಶತಮಾನದ ಆರಂಭದಲ್ಲಿ ಸವಾಯಿ ಜೈಸಿಂಹ ಕೇಳಿದ, ಜಗನ್ನಾಥ ಸಾಮ್ರಾಟ್ ಅರಬ್ಬಿಯಿಂದ ಯೂಕ್ಲಿಡ್‌ನನ್ನು ಸಂಸ್ಕೃತಕ್ಕೆ ತಂದ. ಪುಸ್ತಕದ ಹೆಸರು ‘ರೇಖಾಗಣಿತ’. ನಮ್ಮ ಶಾಲೆಯ ಪದವೇ! ಅದಕ್ಕೂ ಎಷ್ಟೋ ಮೊದಲು, 12ನೇ ಶತಮಾನದಲ್ಲಿ, ಜೈನ ಕವಿ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಕನ್ನಡದಲ್ಲೇ ಬರೆದಿದ್ದ. ಕನ್ನಡಕ್ಕೆ ಗಣಿತ ಒಗ್ಗಲ್ಲ ಅನ್ನೋರಿಗೆ ಇಷ್ಟು ಸಾಕು.

ಪದಗಳು ತಾವಾಗೇ ಹುಟ್ಟಲ್ಲ ಸ್ವಾಮಿ. ವಿಷಯ ಗೊತ್ತಿರೋನೊಬ್ಬ, ಭಾಷೆ ಗೊತ್ತಿರೋನೊಬ್ಬ ಒಂದು ಮೇಜಿನ ಹತ್ತಿರ ಕೂರಬೇಕು. ನಮ್ಮಲ್ಲಿ ಎಷ್ಟು ಜನ ಹಗಲು ಕೋಡ್ ಬರೆದು ರಾತ್ರಿ ಕನ್ನಡ ಬ್ಲಾಗ್ ಬರೀತೀವಿ! ಆ ಇಬ್ಬರೂ ನಮ್ಮೊಳಗೇ ಇದ್ದಾರಲ್ವಾ?

ಮುಂದಿನ ಪೋಸ್ಟಿನಲ್ಲಿ ರಿಕರ್ಶನ್ ಅಂದ್ರೇನು ಅಂತ ಹತ್ತನೇ ಕ್ಲಾಸಿನ ಹುಡುಗರಿಗೆ ತಿಳಿಯೋ ಹಾಗೆ ಕನ್ನಡದಲ್ಲಿ ಬರೀತೀನಿ. ಪದ ಸರಿಹೋಗದಿದ್ರೆ ಕಾಮೆಂಟಿನಲ್ಲಿ ತಿದ್ದಿ. ಷು ಮತ್ತು ರಿಚ್ಚಿ ಕೂಡ ತಮ್ಮ ಹಸ್ತಪ್ರತಿಯನ್ನ ಮೂರು ಸಲ ತಿದ್ದಿದ್ರಂತೆ.