ಕುದುರೆ ನಡೆದ ದಾರಿಯಲ್ಲಿ 145 ಮೈಲಿ

ಲಂಡನ್ನಿಗೆ ಹೋದವರು ಅಂಗಡಿ ಬೀದಿಗಳನ್ನು ನೋಡಿ ಬರುತ್ತಾರೆ. ಅಲ್ಲಿನ ವ್ಯಾಪಾರದ ಹಳೆಯ ದಾರಿಯನ್ನೂ ನೋಡಬೇಕೆಂದು ನಾವು ಗ್ರ್ಯಾಂಡ್ ಯೂನಿಯನ್ ಕಾಲುವೆಯ ದಂಡೆಯಲ್ಲಿರುವ ಸ್ಟೋಕ್ ಬ್ರೂಅರ್ನ್ ಎಂಬ ಹಳ್ಳಿಗೆ ಹೋದೆವು. ರೈಲು ಬರುವ ಮುಂಚೆ ಕಲ್ಲಿದ್ದಲು, ಧಾನ್ಯ ಸಾಗುತ್ತಿದ್ದುದು ಈ ನೀರಿನ ಮೇಲೆಯೇ. ಸುಮಾರು 25 ಟನ್ ಹೇರಿದ ದೋಣಿಯನ್ನು ದಂಡೆಯ ಮೇಲೆ ನಡೆಯುವ ಒಂದೇ ಕುದುರೆ ಹಗ್ಗದಿಂದ ಎಳೆಯುತ್ತಿತ್ತು.

ಹಳ್ಳಿಯ ಪಕ್ಕದ ಬ್ಲಿಸ್ವರ್ತ್ ಸುರಂಗ 1805ರದು, ಉದ್ದ 2.8 ಕಿ.ಮೀ. ಒಳಗೆ ಕಾಲುದಾರಿಯಿಲ್ಲ. ಆಳುಗಳು ಮಲಗಿಕೊಂಡು, ಗೋಡೆಗೆ ಕಾಲೊತ್ತಿ ದೋಣಿ ದಾಟಿಸುತ್ತಿದ್ದರು. ಕುದುರೆ ಗುಡ್ಡ ಹತ್ತಿಳಿದು ಆಚೆ ಸೇರುತ್ತಿತ್ತು.

ಈ ಕಾಲುವೆಯ ದಂಡೆಯಲ್ಲೇ 1995ರಲ್ಲಿ ಬರ್ಮಿಂಗ್‌ಹ್ಯಾಮಿನಿಂದ ಲಂಡನ್ನಿಗೆ ಓಟದ ಸ್ಪರ್ಧೆ ಆರಂಭವಾಯಿತು. ದೂರ 145 ಮೈಲಿ, ಅಂದರೆ 233 ಕಿ.ಮೀ.; ಅವಧಿ 45 ಗಂಟೆ. ಒಮ್ಮೆಗೆ 40 ನಿಮಿಷಕ್ಕಿಂತ ಹೆಚ್ಚು ಕೂರುವಂತಿಲ್ಲ. ದಾರಿ ಬಹುಪಾಲು ಸಮತಟ್ಟು, ಅದೇ ಕಷ್ಟ. ಗಂಟೆಗಟ್ಟಲೆ ಒಂದೇ ಬಗೆಯ ಹೆಜ್ಜೆ, ಅದೇ ಕೀಲುಗಳಿಗೆ ಪೆಟ್ಟು. ಎರಡನೆಯ ರಾತ್ರಿ ಕಣ್ಣು ಮುಚ್ಚಿಬಂದರೆ ಪಕ್ಕದಲ್ಲೇ ನೀರು!

ಲೆಕ್ಕ ಹಾಕಿ ನೋಡಿ: ಗಂಟೆಗೆ ಐದು ಕಿ.ಮೀ.ಗಿಂತ ತುಸು ಹೆಚ್ಚು, ಚುರುಕಾಗಿ ನಡೆಯುವವರ ವೇಗ. ಹಾಗಿದ್ದರೂ ಅರ್ಧದಲ್ಲೇ ಬಿಡುವವರಿದ್ದಾರೆ. ನಿಲ್ಲದೆ ಸಾಗುವುದೇ ಇಲ್ಲಿನ ಬಂಡವಾಳ. ವ್ಯಾಪಾರ ಮಾಡಿದ ಮನೆಗಳಿಗೆ ಈ ಲೆಕ್ಕ ಹೊಸದೇನಲ್ಲ.